ನಾಲ್ಕು ಇಟ್ಟಿಗೆಯ ಹೊಸ್ತಿಲು

ಆಸ್ಪತ್ರೆಯಲ್ಲಿ ಗಾಯಕ್ಕೆ ಕಟ್ಟು ಹಾಕುವ ಕೋಣೆಯ ಹೊರಗೆ, ನನ್ನ ಪಕ್ಕದ ಬೆಂಚಿನಲ್ಲಿ ಇಬ್ಬರು ಹೆಂಗಸರು ಕೂತಿದ್ದರು. ಒಬ್ಬಳ ಕಾಲಿನ ಹೆಬ್ಬೆರಳು ಬದನೆಕಾಯಿಯಂತೆ ಊದಿತ್ತು.

“ಏನನ್ನ ಎಡವಿದೆ?” ಎಂದಳು ಜೊತೆಗಿದ್ದವಳು.

“ನಮ್ಮನೆ ಹೊಸ್ತಿಲೇ ಕಣೆ. ನಾಲ್ಕು ಇಟ್ಟಿಗೆ ಏರಿಸಿದೀನಲ್ಲ, ಕಾಲಿಗಿನ್ನೂ ರೂಢಿಯಾಗಿಲ್ಲ.”

“ಮೋರಿ ನೀರು ತಡೆಯೋಕೆ ಎರಡು ಸಾಕಿತ್ತಲ್ಲ.”

“ಎದುರುಮನೆ ಓರಗಿತ್ತಿ ಹೋದ ಮಳೆಗಾಲ ಮೂರು ಏರಿಸಿದ್ಲು. ಗಲ್ಲಿ ನೀರೆಲ್ಲ ನಮ್ಮ ಶೀಟ್ ಮನೆಗೆ ನುಗ್ತು. ಹೊಲಿಗೆ ಮಿಷನ್ನು ತುಕ್ಕು ಹಿಡೀತು. ಅವಳು ಬಾಗಿಲಲ್ಲಿ ನಿಂತು ನೋಡ್ತಾ ತಲೆ ಬಾಚ್ಕೊಂಡ್ಲು. ಈ ಸಲ ನಾನು ಬಾಚ್ಕೋತೀನಿ. ಬಾಚಣಿಗೆ ಹೊಸದೇ ತಂದಿದೀನಿ.”

“ನಿಮ್ಮತ್ತೆ ಅವಳ ಮನೇಲೇ ಅಲ್ವಾ ಇರೋದು? ನೆಲದ ಮೇಲೆ ಮಲಗ್ತಾರೆ.”

“ಮೋಡ ಕಂಡ ಕೂಡಲೇ ನಮ್ಮನೆಗೆ ಬಂದ್ಬಿಡಿ ಅಂದಿದೀನಿ.”

“ಆ ಮಂಡಿನೋವು ಇಟ್ಕೊಂಡು ನಾಲ್ಕು ಇಟ್ಟಿಗೆ ಹೇಗೆ ದಾಟ್ತಾರೆ? ಹೊರಗಡೆ ಒಂದು ಮೆಟ್ಟಿಲು ಹಾಕ್ಸು.”

ಅವಳು ಊದಿದ ಹೆಬ್ಬೆರಳನ್ನು ಮೆಲ್ಲಗೆ ಒತ್ತಿ ನೋಡಿಕೊಂಡಳು.

“ಹಾಕಿಸಿದ್ರೆ, ಅವರ ಮನೆಗೆ ನೀರು ನುಗ್ಗಿದಾಗ ಮೊದಲು ಹತ್ತಿ ಬರೋಳು ಓರಗಿತ್ತಿನೇ.”

ನರ್ಸ್ ಕರೆದಳು. ಗೆಳತಿಯ ಭುಜ ಹಿಡಿದು ಕುಂಟುತ್ತಾ ಹೋದವಳು, ಹೊಸ್ತಿಲೇ ಇಲ್ಲದ ಆ ಬಾಗಿಲಲ್ಲೂ ಕಾಲನ್ನು ಮೊಣಕಾಲೆತ್ತರಕ್ಕೆ ಎತ್ತಿ ಒಳಗಿಟ್ಟಳು.