ಬಾನೆಟ್ ತೊಟ್ಟವಳು ಎಲ್ಲಿಗೆ ಹೊರಟಿದ್ದಾಳೆ?

ಸಭಾಧ್ಯಕ್ಷರಾದ ರುಡೊಲ್ಫ್ ಅಂಕಲ್ ಅವರೇ, ವೇದಿಕೆಯ ಮೇಲಿರುವ ಅತಿಥಿಗಳೇ, ಅಬುಧಾಬಿಯ ನಮ್ಮ ಕನ್ನಡ ಬಳಗದ ಸಭಿಕರೇ, ಮೂರನೇ ಸಾಲಿನಲ್ಲಿ ಕುಳಿತಿರುವ ನನ್ನ ಮಮ್ಮಿ ಡ್ಯಾಡಿಯವರೇ,

ನಾನು ಜಾನಿಸ್. ದುಬೈಯಲ್ಲಿ ಫ್ಯಾಷನ್ ಡಿಸೈನ್, ಫಸ್ಟ್ ಇಯರ್. "ನಿನ್ನ ಕೋರ್ಸ್ ಬಗ್ಗೆ ಐದು ನಿಮಿಷ ಮಾತಾಡು ಮಗಾ, ಕನ್ನಡದಲ್ಲೇ ಆಯ್ತಾ?" ಎಂದು ಅಂಕಲ್ ಹೇಳಿದ್ದಾರೆ.

ಪರದೆಯ ಮೇಲಿನ ಚಿತ್ರ ನೋಡಿ. ಇನ್ನೂರು ವರ್ಷಗಳ ಹಿಂದೆ ಲಂಡನ್, ಪ್ಯಾರಿಸ್ಸಿನ ಪತ್ರಿಕೆಗಳಲ್ಲಿ ಹೊಸ ಉಡುಪು ತೋರಿಸಲು ಇಂಥವನ್ನು ಅಚ್ಚು ಹಾಕಿ, ಕೈಯಲ್ಲೇ ಬಣ್ಣ ತುಂಬುತ್ತಿದ್ದರು. ಎದೆಯ ಕೆಳಗೇ ಸೊಂಟದ ಪಟ್ಟಿ, ಅಲ್ಲಿಂದ ನೇರ ಇಳಿಯುವ ತೆಳು ಬಿಳಿ ಮಸ್ಲಿನ್ ಬಟ್ಟೆ. ತಲೆಯ ಮೇಲಿರುವುದು ಬಾನೆಟ್, ಮುಖದ ಸುತ್ತ ಅಂಚು ಮುಂದಕ್ಕೆ ಚಾಚಿದ ಟೋಪಿ. ಕಾರಿನದ್ದಲ್ಲ! ಅದೇ ನಮೂನೆಯಲ್ಲಿ ನಾನು ಹೊಲಿದ ಈ ಟೋಪಿಯನ್ನು ನೋಡಿ ಡ್ಯಾಡಿ, "ಇದೆಂಥದು ಮಾರಾಯ್ತಿ, ಬಾಲ್ದಿಯಾ?" ಎಂದರು. ನಗಬೇಡಿ, ಪಕ್ಕದಿಂದ ನೋಡಿದರೆ ಬಕೆಟ್ಟೇ. ಒಳಗಿರುವವಳ ಮುಖವೇ ಕಾಣುವುದಿಲ್ಲ.

ಮುಖ ಕಾಣದಿದ್ದರೆ ಅವಳ ವಿಷಯ ತಿಳಿಯುವುದು ಹೇಗೆ? ಬಟ್ಟೆಯನ್ನೇ ಕೇಳಬೇಕು. ಚಿತ್ರದ ಕೆಳಗೆ ಬರೆದಿರುತ್ತಿತ್ತು: ಬೆಳಗಿನ ಉಡುಪು, ನಡಿಗೆಯ ಉಡುಪು, ಸಾರೋಟಿನ ಉಡುಪು. ಬಟ್ಟೆ ನೋಡಿದರೆ ಸಾಕು, ಎಲ್ಲಿಗೆ ಹೊರಟಿದ್ದಾಳೆ ಎಂದು ಗೊತ್ತಾಗುತ್ತದೆ.

ಇದು ನನಗೆ ಕಾಲೇಜು ಕಲಿಸಿದ್ದಲ್ಲ. ಐದನೇ ಕ್ಲಾಸಿನ ರಜೆಯಲ್ಲಿ ಮಮ್ಮಿ ನನಗೊಂದು ಹೊಸ ಫ್ರಾಕ್ ಹೊಲಿದರು. ಕಾಲರಿನ ಒಳಗೆ ಕೆಂಪು ದಾರದ ಪುಟ್ಟ ನಕ್ಷತ್ರ. "ಚೆಂದಕ್ಕೆ ಮಗಾ" ಎಂದರು. ಮಂಗಳೂರಿನ ಹಾಸ್ಟೆಲ್ ಗೇಟಿನಲ್ಲಿ ಕಾರು ನಿಂತ ಮೇಲೆ ತಿಳಿಯಿತು, ಅದು ಹಾಸ್ಟೆಲಿನ ಧೋಬಿಗೆ ಗುರುತು, ನನ್ನನ್ನು ಅಲ್ಲೇ ಬಿಟ್ಟು ಹೋಗುತ್ತಾರೆ ಎಂದು. "ಮುಂದಿನ ವಾರ ಬರ್ತೇವೆ" ಎಂದು ಹೇಳಿ ಅಬುಧಾಬಿಗೆ ವಿಮಾನ ಹತ್ತಿದವರು ಬಂದದ್ದು ಕ್ರಿಸ್ಮಸ್ಸಿಗೆ. ಪಿಯುಸಿ ಮುಗಿಯುವವರೆಗೂ ನನ್ನ ಪ್ರತಿಯೊಂದು ಬಟ್ಟೆಯಲ್ಲಿ ಆ ನಕ್ಷತ್ರವಿತ್ತು.

ಟಾಪಿಕ್ ಬಿಟ್ಟು ಹೋದೆನೇ? ಇಲ್ಲ, ಇಲ್ಲ.

ಈಗ ತೊಟ್ಟಿರುವ ಚೂಡಿದಾರ ಮಮ್ಮಿಯೇ ಹೊಲಿದದ್ದು. ದಪ್ಪ ಕಾಟನ್, ಉದ್ದ ತೋಳು, ಕಾಲರ್. ಇಲ್ಲಿ ನಾನು ಇಂಥದ್ದು ಯಾವತ್ತು ಹಾಕಿದ್ದೇನೆ? ಕಚ್ಚಾ ಎಣ್ಣೆಯ ರೇಟು ಬಿದ್ದ ಮೇಲೆ ಡ್ಯಾಡಿ ಮುಸಫ್ಫಾದ ವರ್ಕ್‌ಶಾಪಿನಿಂದ ಮಧ್ಯಾಹ್ನವೇ ಮನೆಗೆ ಬರುತ್ತಾರೆ. ಕೇಳಿದರೆ, "ಕೆಲಸ ಸ್ವಲ್ಪ ಸ್ಲೋ. ಖಲಾಸ್, ಆ ಮಾತು ಬಿಡು." ಇವತ್ತು ಸಭಾಂಗಣದ ಬಾಗಿಲಲ್ಲಿ ನಮ್ಮ ಬಳಗದ ಇಂದ್ರಾಣಿ ಆಂಟಿ ನನ್ನನ್ನು ಅಪ್ಪಿಕೊಂಡು, "ಊರಿಗೆ ಹೋದ್ಮೇಲೆ ನಮ್ಮನ್ನು ಮರೀಬೇಡ" ಎಂದರು. ಯಾವಾಗ ಆಂಟಿ ಎಂದರೆ, "ರಜೆಗೆ, ರಜೆಗೆ" ಎನ್ನುತ್ತಾ ಪಾಯಸ ನೋಡಲು ಓಡಿದರು. ಪಾಯಸ ಎಲ್ಲಿಗೆ ಓಡಿಹೋಗುತ್ತಿತ್ತು?

ನನಗೆ ಅನುಮಾನ ಬಂತು. ಭಾಷಣಕ್ಕೆ ಮೊದಲು ವಾಶ್‌ರೂಮಿಗೆ ಹೋಗಿ ಕಾಲರ್ ಮಡಚಿ ನೋಡಿದೆ.

ಕೆಂಪು ನಕ್ಷತ್ರ ಇದೆ.

ಮಮ್ಮಿ, ತಲೆ ತಗ್ಗಿಸಿದಿರಿ. ಉತ್ತರ ಸಿಕ್ಕಿತು. ಈ ಕೋರ್ಸ್ ಇಲ್ಲಿಗೇ ನಿಲ್ಲುತ್ತದೆ, ಮತ್ತೆ ಮಂಗಳೂರು, ಮತ್ತೆ ಹಾಸ್ಟೆಲ್, ಅಲ್ಲವೇ? ಬೇಜಾರಿದೆ. ಇಲ್ಲ ಎಂದರೆ ಸುಳ್ಳಾಗುತ್ತದೆ. ಆದರೂ ಕೇಳುವುದು ಒಂದೇ. ಈ ಸಲ ಗೇಟಿನಲ್ಲಿ ಹೇಳಬೇಡಿ. ಇವತ್ತು ಮನೆಗೆ ಹೋಗುವಾಗ ಕಾರಿನಲ್ಲೇ, ನೀವೂ ಡ್ಯಾಡಿಯೂ ಬಾಯಿ ಬಿಟ್ಟು ಹೇಳಿ. ನಾನು ಹಿಂದಿನ ಸೀಟಿನಲ್ಲಿ ಬಾನೆಟ್ ಹಾಕಿಕೊಂಡು ಕೂರುತ್ತೇನೆ. ಅತ್ತರೂ ಕಾಣುವುದಿಲ್ಲ.

ಐದು ನಿಮಿಷ ಮುಗಿಯಿತು ಅಂಕಲ್. ಮೈಕ್ ಕೊಟ್ಟವರಿಗೆ, ನಕ್ಕವರಿಗೆ, ಈಗ ನಗು ನಿಲ್ಲಿಸಿದವರಿಗೆ, ಎಲ್ಲರಿಗೂ ಧನ್ಯವಾದ. ನಮಸ್ಕಾರ.