ಕೋಳಿ ಅಳತೆಯ ಬಾಗಿಲು

ಕನ್ನಡ ಇಲ್ಲಿ ಯಾರಿಗೂ ತಿಳಿಯದು ಎಂಬ ಧೈರ್ಯದಲ್ಲಿ, ಕಾತ್ರಜದ ಬಸ್ ನಿಲ್ದಾಣದಲ್ಲಿ ಅಕ್ಕತಂಗಿಯರಿಬ್ಬರು ಗಂಟಲು ಬಿಚ್ಚಿ ಮಾತಾಡುತ್ತಿದ್ದರು. ಅವರ ಹಿಂದೆಯೇ ಪಕ್ಕದ ಹೋಟೆಲಿನಲ್ಲಿ ಕೆಲಸಕ್ಕಿದ್ದ ಕನ್ನಡದ ಹುಡುಗ ಕುಶಲ ಆಮ್ಲೆಟ್ ಪಾವ್ ತಿನ್ನುತ್ತಾ ನಿಂತಿದ್ದ.

“ಹಿತ್ತಲದಾಗ ಕೋಳಿಗೂಡು ತಾನ ಕಟ್ಟ್ಯಾನಂತಲ್ಲ ರೇಣು, ನಿನ್ನ ಗಂಡ?” ಅಂದಳು ಅಕ್ಕ ಕಾಶವ್ವ.

“ಹೂಂ, ಕಟ್ಟ್ಯಾರ. ಮೊಬೈಲ್ ನೋಡಿ, ಇಟ್ಟಂಗಿ ಸಿಮೆಂಟಿನ್ಯಾಗ. ಬಾಗಲಾ ಮಾತ್ರ ಕೋಳಿ ಹೋಗೂವಷ್ಟ ಬಿಟ್ಟಾರ.”

“ಮತ್ತ ಒಳಗಿನ ಹಿಕ್ಕಿ ಯಾರು ತಗೀತಾರ?”

“ಮತ್ಯಾರು, ನಾನು! ‘ನೀ ಸಣ್ಣಾಕಿ ಇದ್ದಿ, ಹಿಡಸ್ತಿ’ ಅಂದ್ರು.”

“ಥೂ!”

“ಹೊಟ್ಟಿ ಮ್ಯಾಲೆ ತೆವಳ್ಕೊಂತ ಹೋಗಿ ಹೆರದೆ ಅಕ್ಕಾ. ಹಸಿ ಹಿಕ್ಕಿ ಮೊಣಕೈಗೆಲ್ಲಾ ಮೆತ್ತಿತ್ತು, ಹುಳ ಕೂದಲದಾಗ ಸೇರಿದ್ವು. ಅವ್ರು ಹೊರಗ ಮೂಗು ಮುಚ್ಕೊಂಡು ನಿಂತು, ‘ಆ ಮೂಲ್ಯಾಗ ಇನ್ನೂ ಅದ ನೋಡು’ ಅಂದ್ರು.”

ಕುಶಲನ ಬಾಯೊಳಗಿನ ತುತ್ತು ಅಲ್ಲೇ ನಿಂತಿತು.

“ಗ್ವಾಡಿ ಒಡದು ದೊಡ್ಡ ಬಾಗಲಾ ಮಾಡ್ರಿ ಅನ್ನಬೇಕಿಲ್ಲ?”

“ಅಂದೆ. ‘ನೀ ಇದ್ದೀಯಲ್ಲ, ಒಡಿಯೂದ್ಯಾಕ’ ಅಂದ್ರು. ಇವತ್ತ ಗೂಡು ನೋಡಾಕ ಅವ್ರ ಆಫೀಸಿನ ಮಂದಿ ಬರ್ತಾರ. ಅದಕ್ಕ ನಾ ನಿನ್ನ ಸಂಗಟ ಹೊಂಟೆ.”

ಸಾಸವಡದ ಬಸ್ಸು ಬಂತು. ರೇಣುವಿನ ಚೀಲದೊಳಗೆ ಫೋನು ಬಡಿದುಕೊಳ್ಳತೊಡಗಿತು.

“ಎತ್ತಬಾರ್ದ?”

“ಹೆರಿಯೂ ಕುರ್ಪಿ ಎಲ್ಲಿ ಅದ ಅಂತ ಕೇಳಾಕ ಮಾಡ್ಯಾರ.”

“ಎಲ್ಲಿಟ್ಟಿ?”

ಮೆಟ್ಟಿಲಿಗೆ ಕಾಲಿಟ್ಟ ರೇಣು ತಿರುಗಿ ನೋಡಿದಳು.

“ಗೂಡಿನ ಒಳಗ. ಆ ಮೂಲ್ಯಾಗ.”