ಮಹಡಿಯಿಲ್ಲದ ಕಿಟಕಿ

ಮಧ್ಯಾಹ್ನ ಹಿಡಿದ ಮಳೆ ಸಂಜೆ ಆರಾದರೂ ಬಿಟ್ಟಿರಲಿಲ್ಲ. ಲಾಕ್‌ಡೌನಿನ ಮೊದಲ ಚಳಿಗಾಲ. ಮನೆಗೆ ದಿನಕ್ಕೆ ಒಬ್ಬರೇ ಅತಿಥಿ, ಒಂಬತ್ತಕ್ಕೆ ಕರ್ಫ್ಯೂ. ಆ ಒಬ್ಬ ಅತಿಥಿಯಾಗಿ ಸಿಂಧೂರ ಕೋಡುಬಳೆ ಡಬ್ಬಿ ಹಿಡಿದು, ಆಲ್ಮೆರೆ ನಗರದಿಂದ ರೈಲು ಹತ್ತಿ, ಕನ್ನಡ ಬಳಗದಲ್ಲಿ ಪರಿಚಯವಾದ ಮಹಾಬಲೇಶ್ವರರ ಪುಟ್ಟ ಊರಿಗೆ ಬಂದಿದ್ದಳು. ಭಾನುವಾರದೊಳಗೆ ಅವಳು ಈಗಿನ ರೂಮು ಖಾಲಿ ಮಾಡಬೇಕು. ಡಚ್ಚರ ಈ ದೇಶದಲ್ಲಿ ರೂಮು ಹುಡುಕಿದವರಿಗೇ ಗೊತ್ತು ಆ ಪಾಡು. ಮೂರು ತಿಂಗಳು ಅಲೆದ ಮೇಲೆ ಕೊನೆಗೂ ಒಂದು ಸಿಕ್ಕಿತ್ತು, ಅದೂ ಇದೇ ಊರಿನಲ್ಲಿ. ನಾಳೆ ಬೆಳಿಗ್ಗೆ ಕೀಲಿ.

“ಥ್ಯಾಂಕ್ಸ್ ಅಂಕಲ್. ರೂಮ್ ಬೇಕು ಅನ್ನೋ ನನ್ನ ಪೋಸ್ಟ್ ನೋಡಿ ಓನರ್ ಲೇಡಿನೇ ಮೆಸೇಜ್ ಮಾಡಿದ್ರು. ನಿಮ್ಮ ಕನ್ನಡದ ಹಿರಿಯರೊಬ್ರು ಹುಡುಗೀನ ಕಳಿಸ್ತೀನಿ ಅಂದಿದ್ರು ಅಂತ. ನೀವೇ ತಾನೆ? ವಿಡಿಯೋ ಕಾಲಲ್ಲಿ ರೂಮ್ ಕೂಡ ನೋಡ್ದೆ.”

“ಯಾವ ರೂಮು?”

“ಚೌಕದಲ್ಲಿ, ಆ ಹಳೇ ಬಟ್ಟೆ ಅಂಗಡಿ ಮೇಲೆ. ಮಹಡಿ ರೂಮು.”

ಮಹಾಬಲೇಶ್ವರರು ಅದೇ ಊರಿನ ಪುರಸಭೆಯ ಕಟ್ಟಡ ವಿಭಾಗದಲ್ಲಿ ಮೂವತ್ತು ವರ್ಷ ನಕ್ಷೆ ಬರೆದವರು, ಸುಲಭಕ್ಕೆ ಬೆಚ್ಚುವ ಆಸಾಮಿಯಲ್ಲ. ಕಾಫಿ ಲೋಟ ಕೆಳಗಿಟ್ಟು, ಒಳಗಿದ್ದ ಹೆಂಡತಿ ರುಕ್ಮಿಣಿಯನ್ನೂ ಕರೆದು ಕೂರಿಸಿಕೊಂಡರು.

“ಕೇಳು ಸಿಂಧೂರ... ಎಂಬತ್ತೆಂಟರಲ್ಲಿ ಆ ಕಟ್ಟಡಾನ ಟೇಪು ಹಿಡಿದು ಅಳೆದವನು ನಾನೇ. ಮುಂದಿನಿಂದ ನೋಡಿದ್ರೆ ಎರಡಂತಸ್ತು, ಒಳ್ಳೆ ಇಟ್ಟಿಗೆ ಗೋಡೆ, ಮೇಲೆ ಮೂರು ಉದ್ದನೆ ಕಿಟಕಿ. ಹಿಂದಿನ ಓಣಿಗೆ ಹೋದ್ರೆ ಏನಿದೆ? ಒಂದೇ ಅಂತಸ್ತು, ತಗ್ಗು ಸೂರು! ಮೇಲಿನದು ಬರೀ ಗೋಡೆ ಕಣಮ್ಮ, ಬೀಳದ ಹಾಗೆ ಹಿಂದಿನಿಂದ ಕಬ್ಬಿಣದ ಸರಳು ಊರಿದ್ದಾರೆ. ಗಾಜಿನ ಹಿಂದೆ ಕಪ್ಪು ಬಳಿದ ಹಲಗೆ, ಹಲಗೆ ಹಿಂದೆ ಆಕಾಶ. ಅಂಗಡಿಯವನ ಜಂಬ... ದೊಡ್ಡ ಮನೆ ಅಂತ ಗಿರಾಕಿ ನಂಬಬೇಕಲ್ಲ?

“ಹೋದ ಏಪ್ರಿಲಲ್ಲಿ, ಸ್ಕೂಲು ಮುಚ್ಚಿದಾಗ, ದಾರೀಲಿ ಹೋಗೋ ಮಕ್ಕಳು ಎಣಿಸ್ಲಿ ಅಂತ ಮನೆಮನೆ ಕಿಟಕೀಲೂ ಕರಡಿ ಗೊಂಬೆ ಇಟ್ರಲ್ಲ? ನಾನೂ ವಾಕಿಂಗಲ್ಲಿ ಎಣಿಸ್ತಿದ್ದೆ, ಮುದುಕನಿಗೆ ಇನ್ನೇನು ಕೆಲಸ? ಆ ಮಧ್ಯದ ಕಿಟಕೀಲೂ ಒಂದು ಕರಡಿ. ಅದರ ಹಿಂದೆ ಒಬ್ಬ ಹೆಂಗಸು, ಕೈ ಬೀಸಿದ್ಲು. ನಾನೂ ಬೀಸಿದೆ. ಹದಿನೈದು ದಿನ ಹೀಗೇ... ಒಂದಿನ ಗಾಜಿಗೆ ಚೀಟಿ ಅಂಟಿಸಿದ್ಲು, ರೂಮು ಬಾಡಿಗೆಗಿದೆ ಅಂತ. ಪಾಪ, ಒಬ್ಳೇ ಅನ್ನಿಸ್ತು. ನಮ್ಮ ಬಾಯಿ ಸುಮ್ನಿರತ್ತಾ? ಯೋಚನೆ ಮಾಡ್ಬೇಡಿ, ನಮ್ಮ ಕನ್ನಡದ ಹುಡುಗಿ ಯಾರನ್ನಾದ್ರೂ ಕಳಿಸ್ತೀನಿ ಅಂತ ಕೂಗಿ ಹೇಳ್ಬಿಟ್ಟೆ, ಡಚ್ಚಲ್ಲೇ! ಉಪಚಾರದ ಮಾತು. ನಾವು ಹಾಗೆ ನೂರು ಜನಕ್ಕೆ ಅಂತೀವಿ, ಮನೆ ಸೇರೋದ್ರೊಳಗೆ ಮರೀತೀವಿ. ಇಲ್ಲಿಯವರು ಹಾಗಲ್ವಲ್ಲ... ಒಂದು ಮಾತು ಅಂದ್ರೆ ಡೈರೀಲಿ ಬರ್ಕೊಂಡು ಕಾಯ್ತಾರೆ. ಊಟಕ್ಕೆ ಕೂತಾಗ ನಾನೇ ಬರೆದ ನಕ್ಷೆ ನೆನಪಾಯ್ತು. ತಟ್ಟೆ ಹಾಗೇ ಬಿಟ್ಟು ಎದ್ದೆ.”

“ಮುಖ ನೋಡಿ ಕೋವಿಡ್ಡೇ ಅಂದ್ಕೊಂಡಿದ್ದೆ,” ಎಂದರು ರುಕ್ಮಿಣಿ.

“ಮಾರನೇ ಬೆಳಿಗ್ಗೆ ಓಣಿಗೆ ಹೋಗಿ ನೋಡಿದೆ. ಅದೇ ಹಲಗೆ, ಅದೇ ಸರಳು, ನಾಲ್ಕು ಪಾರಿವಾಳ. ಮುಂದೆ ಬಂದ್ರೆ ಕರಡಿ, ಚೀಟಿ...”

ಸಿಂಧೂರಳಿಗೆ ನಗಬೇಕೆನಿಸಿತು. ಕಟ್ಟಿಟ್ಟ ಎರಡು ಸೂಟ್‌ಕೇಸು ಕಣ್ಣ ಮುಂದೆ ಬಂದವು. ಈ ರೂಮೂ ಕೈತಪ್ಪಿದರೆ ಎಲ್ಲಿಗೆ ಹೋಗುವುದು? ಅಳುವೇ ಬಂತು.

“ಆದ್ರೆ ರೂಮ್ ನೋಡಿದೀನಲ್ಲ ಅಂಕಲ್? ಮಂಚ ಇತ್ತು. ಕಿಟಕೀಲಿ...” ಅಲ್ಲಿಗೆ ನಿಲ್ಲಿಸಿದಳು. ಕಿಟಕಿಯಲ್ಲಿ ಹೊರಗೆ ಮುಖ ಮಾಡಿ ಒಂದು ಕರಡಿ ಕೂತಿತ್ತು.

ರುಕ್ಮಿಣಿ ಎದ್ದರು. “ನೀನೆಲ್ಲೂ ಹೋಗಲ್ಲ. ಅಟ್ಟದ ರೂಮಿದೆ, ಎಷ್ಟು ದಿನ ಬೇಕಾದ್ರೂ ಇರು.” ಹಾಸಿಗೆ ಹಾಸಲು ಮೆಟ್ಟಿಲು ಹತ್ತಿ ಹೋದರು.

ಮಹಾಬಲೇಶ್ವರರು ತಣ್ಣಗಾದ ಕಾಫಿಯನ್ನೇ ಕುಡಿದು ಮುಗಿಸಿದರು.

“ಹತ್ತು ತಿಂಗಳು ಆ ಚೀಟಿ ಅಲ್ಲೇ ಇತ್ತು ಕಣಮ್ಮ. ಇವತ್ತು ಬೆಳಿಗ್ಗೆ ಔಷಧಿ ತರೋಕೆ ಹೋದಾಗ ತಲೆ ಎತ್ತಿ ನೋಡಿದೆ. ಕರಡಿ ಇದೆ. ಪರದೆ ಒಗೆದು ಹಾಕಿದ್ದಾಳೆ. ಚೀಟಿ ತೆಗೆದಿದ್ದಾಳೆ.”